ಪರಕೀಯ ಕೀಟ: ತೆಂಗಿನ ಸುರುಳಿ ಬಿಳಿನೊಣ

ಅಲ್ಯೂರೋಡಿಕಸ್ ರುಗಿಯೋಪರ್ಕ್ಯುಲೇಟಸ್ ಇದರ ವೈಜ್ಞಾನಿಕ ಹೆಸರು. ಮೂಲ ಮಧ್ಯ ಅಮೆರಿಕ. ಭಾರತದಲ್ಲಿ ಮೊದಲು ವರದಿಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ತೋಟಗಳಿಂದ. ಮುಂದೆ ಕೇರಳ, ಕರ್ನಾಟಕ, ಗೋವಾಕ್ಕೂ ಹರಡಿತು. ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ನಂಥ ಜನವಸತಿಗಳ ಹಿತ್ತಲಲ್ಲಿ ಬೆಳೆಸುವ ತೆಂಗು, ಬಾಳೆ, ಪೇರಳೆಗಳೆಲ್ಲ ಇದರ ಆಹಾರ ಸಸ್ಯಗಳೇ.

ಗರಿಯನ್ನು ಮಗುಚಿ ನೋಡಿದರೆ ಸುರುಳಿಯಾಗಿ ಇಟ್ಟ ಮೊಟ್ಟೆ, ಅದರ ಮೇಲೆ ಮೇಣದಂಥ ಬಿಳಿ ಪುಡಿ ಕಾಣುತ್ತದೆ. ರಸ ಹೀರುವ ಕೀಟ ಸ್ರವಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ. ಅಲ್ಲಿ ಕಪ್ಪು ಬೂಷ್ಟು ಬೆಳೆದು ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ.

ಹೆಚ್ಚು ಗಮನ ಕೊಡಬೇಕಾದದ್ದು ನಿಯಂತ್ರಣದ ಭಾಗಕ್ಕೆ. ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಿರು ಪರತಂತ್ರ ಕಣಜ ಬಿಳಿನೊಣದ ಮರಿಗಳನ್ನು ಕೊಲ್ಲುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ (ಎನ್‌ಬಿಎಐಆರ್) ಈ ಕಣಜದ ಸಂರಕ್ಷಣೆಯ ಜೊತೆಗೆ ಐಸೇರಿಯಾ ಫ್ಯುಮೊಸೊರೋಸಿಯಾ ಶಿಲೀಂಧ್ರದ ಸಿಂಪಡಣೆಯನ್ನೂ ಸೂಚಿಸಿದೆ. ಗಾಬರಿಯಿಂದ ರಾಸಾಯನಿಕ ಕೀಟನಾಶಕ ಹೊಡೆಯುವುದೇ ದೊಡ್ಡ ತಪ್ಪು: ಕಣಜದ ಜೊತೆಗೆ ಹಿತ್ತಲಿನ ಜೇನು, ಗುಲಗಂಜಿ ಹುಳು, ಜೇಡಗಳೂ ಸಾಯುತ್ತವೆ.

ಭಾರತಕ್ಕೆ ಬಂದ ಇನ್ನೊಂದು ಪರಕೀಯ ಕೀಟ, 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳು. ಅದೂ ಅಮೆರಿಕ ಮೂಲದ್ದೇ, ಆದರೆ ಪತಂಗದ ಜಾತಿ, ಎರಡನ್ನೂ ಬೆರೆಸಬೇಡಿ.