ಮನೆಗೆ ಯಾವ ಪತ್ರಿಕೆ ತರಿಸೋಣ?



ಚಂದಾ ಮುಗಿಯುವ ಕಾಲಕ್ಕೆ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ವರ್ಷವಿಡೀ ದುಡ್ಡು ಕೊಟ್ಟು ತರಿಸಿದ ಪತ್ರಿಕೆಯಿಂದ ನಮಗೆ ಆದ ಉಪಯೋಗವೇನು? ಮನರಂಜನೆಗಾಗಿ ಓದುವುದು ತಪ್ಪಲ್ಲ. ಆದರೆ ಕಷ್ಟಕಾಲಕ್ಕೆ ಸಿದ್ಧರಾಗಿರಬೇಕು, ಸಣ್ಣಪುಟ್ಟ ಕೆಲಸಗಳಿಗೆ ಪರರ ಮುಖ ನೋಡಬಾರದು ಎಂಬ ಮನಸ್ಸುಳ್ಳ ಕುಟುಂಬವು ಪತ್ರಿಕೆಯನ್ನು ಬೇರೆಯೇ ಕಣ್ಣಿನಿಂದ ನೋಡಬೇಕಾಗುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಸಿದ್ಧತೆ ಎಂದರೆ ಮೊದಲು ನೀರು. ವಾರಕ್ಕೊಮ್ಮೆ ನಳ ಬರುವ ದಿನಗಳನ್ನು ಕಂಡ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭೆ ಮತ್ತು ನೀರಸಾಗರ ಎರಡೂ ಮಳೆಯನ್ನೇ ನಂಬಿರುವ ಮೂಲಗಳು. ಬರ ಬಿದ್ದರೆ ಕೊಡ-ಹಂಡೆಗಳ ಲೆಕ್ಕ ಮತ್ತೆ ಶುರು. "ನೀರನ್ನು ಮಿತವಾಗಿ ಬಳಸಿ" ಎಂದಷ್ಟೇ ಬರೆದು ಮುಗಿಸುವ ಪತ್ರಿಕೆ ಆಗ ನೆರವಿಗೆ ಬರುವುದಿಲ್ಲ. ಲೆಕ್ಕ ಕಲಿಸುವ ಪತ್ರಿಕೆ ಬೇಕು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ 60 ಚದರ ಮೀಟರ್ ಇದ್ದರೆ, 40 ಮಿಲಿಮೀಟರ್ ಮಳೆಗೆ 2,400 ಲೀಟರ್. ಐದರಲ್ಲೊಂದು ಪಾಲು ಪೋಲಾಯಿತೆಂದು ಬಿಟ್ಟರೂ 2,000 ಲೀಟರಿನ ಟಾಕಿ ಹೆಚ್ಚುಕಡಿಮೆ ತುಂಬುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ತಲೆಗೆ 5 ಲೀಟರ್ ಎಂದು ಹಿಡಿದರೆ, ಐದು ಜನರ ಮನೆಗೆ ಎಂಟು ದಿನಕ್ಕೆ 200 ಲೀಟರ್ ಸಾಕು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು, ಕುಡಿಯುವ ನೀರನ್ನು ಸೋಸಿ ಕುದಿಸಬೇಕು ಎಂದು ಜೊತೆಗೇ ಹೇಳುವ ಲೇಖನವಾದರೆ, ಆ ಪುಟವನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿ.

ಬರೆದವರು ಯಾರು ಎಂಬುದನ್ನೂ ನೋಡಿ. ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರು ಕೇಳಿ, ಅಡಿಕೆ ತೋಟವಿಲ್ಲದ ನಮಗೇಕೆ ಎನ್ನಬೇಡಿ. ನೀರಿಂಗಿಸುವುದು, ಹಲಸಿನ ಬಳಕೆ ಮುಂತಾಗಿ ಮನೆಗೆ ಬೇಕಾದ ಎಷ್ಟೋ ಸಂಗತಿ ಅದರಲ್ಲಿ ಬಂದಿವೆ. ಶ್ರೀ ಪಡ್ರೆಯವರು ಮತ್ತು ಅವರ ಬಳಗ ರೈತರ ಕೈಗೇ ಲೇಖನಿ ಕೊಟ್ಟರು. ಸ್ವತಃ ಮಾಡಿದವನು ಬರೆದಾಗ ಖರ್ಚೆಷ್ಟು, ಎಲ್ಲಿ ಕೆಟ್ಟಿತು ಎಂಬುದೂ ಬರುತ್ತದೆ. ಕೇಳಿ ಬರೆದವನು ಅದನ್ನು ನುಂಗಿಬಿಡುತ್ತಾನೆ. ನಮ್ಮ ಧಾರವಾಡದಲ್ಲಿಯೂ ಕೃಷಿ ಮಾಧ್ಯಮ ಕೇಂದ್ರವು ಇಂಥ ಬರವಣಿಗೆಯ ತರಬೇತಿ ನಡೆಸಿತ್ತು. 2021ರಲ್ಲಿ ಬಾಳೆಗೆ ಬೆಲೆ ಕುಸಿದಾಗ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ 'ಬಾಕಾಹು' ಆಂದೋಲನ ಮನೆಯಿಂದ ಮನೆಗೆ ಹಬ್ಬಿತು. ಮಾಡಿದವರ ಮಾತಿಗೆ ಅಷ್ಟು ಬಲ.

ಹಾಗೆಂದು ಕರಾವಳಿಯ ಮಾತನ್ನೆಲ್ಲ ಇಲ್ಲಿ ಹಾಗೆಯೇ ನಡೆಸಲಾಗದು. ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಹಲವಿವೆ. ಊರಿನ ಪತ್ರಿಕೆಯ ಮೇಲೆ ಅವರಿಗೆ ಅಕ್ಕರೆ ಇರುವುದು ಸಹಜ. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಕೆಂಪು ಜಂಬಿಟ್ಟಿಗೆ ನೆಲ. ಧಾರವಾಡದಲ್ಲಿ ಅದರ ಕಾಲುಭಾಗದಷ್ಟೂ ಮಳೆ ಇಲ್ಲ. ನವಲಗುಂದದ ಕಡೆಗೆ ಹೋದರೆ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣು. ಅಲ್ಲಿಯ ಇಂಗುಗುಂಡಿಯ ಅಳತೆ ಇಲ್ಲಿಗೆ ಹೊಂದೀತೇ? ಆದ್ದರಿಂದ 1986ರಲ್ಲಿ ಸ್ಥಾಪಿತವಾದ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕನ್ನಡ ಪ್ರಕಟಣೆಗಳನ್ನು ಜೊತೆಗಿಟ್ಟುಕೊಂಡು ಓದುವುದು ಕ್ಷೇಮ. ಕೃಷಿ ಮೇಳಕ್ಕೆ ಹೋದವರು ಬರಿಗೈಯಲ್ಲಿ ಬರಬೇಡಿ. ಬಿತ್ತನೆ ಬೀಜದಷ್ಟೇ ಪುಸ್ತಕ ಮಳಿಗೆಯೂ ನೋಡತಕ್ಕದ್ದು.

ಆರೋಗ್ಯದ ಪುಟಗಳಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಮಗುವಿಗೆ ಭೇದಿಯಾದಾಗ "ಸ್ವಲ್ಪ ಉಪ್ಪು, ಸ್ವಲ್ಪ ಸಕ್ಕರೆ" ಬೆರೆಸಿ ಕುಡಿಸಿ ಎಂದು ಬರೆದರೆ ಅದನ್ನು ನಂಬಬೇಡಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚೆಯಲ್ಲಿ ಮಟ್ಟಸವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಎಂದು ಅಳತೆ ಕೊಡಬೇಕು. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಮೇಲು, ಮಗು ಮಂಕಾದರೆ ಅಥವಾ ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದೂ ತಿಳಿಸಬೇಕು. ಒಂದೇ ಬೇರಿನಿಂದ ಸಕ್ಕರೆ ಕಾಯಿಲೆ, ಕೀಲುನೋವು, ಕ್ಯಾನ್ಸರ್ ಎಲ್ಲ ವಾಸಿ ಎನ್ನುವ ಪತ್ರಿಕೆ ಮನೆಯ ಹೊಸ್ತಿಲು ದಾಟದಿರಲಿ. ಲೋಕ ಇಂದೋ ನಾಳೆಯೋ ಮುಳುಗುತ್ತದೆಂದು ಹೆದರಿಸಿ, ಮುಂದಿನ ಪುಟದಲ್ಲೇ ಏನನ್ನೋ ಮಾರಲು ಹೊರಡುವವುಗಳೂ ಅಷ್ಟೆ.

ಹುಬ್ಬಳ್ಳಿಯಿಂದಲೇ 1956ರಲ್ಲಿ ಹೊರಟ 'ಕಸ್ತೂರಿ', ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಇಂಥವು ಕೈಕೆಲಸ ಕಲಿಸುವುದಕ್ಕಿಂತ ಹೆಚ್ಚಾಗಿ ತಿಳಿವನ್ನು ಬೆಳೆಸಿದವು. ಬೆಳೆಯುವ ಮಕ್ಕಳಿರುವ ಮನೆಗೆ ಅದೂ ಬೇಕು.

ಎಲ್ಲವನ್ನೂ ಒಂದೇ ಮನೆಯವರು ಕೊಳ್ಳುವುದು ಹೊರೆಯಾದೀತು. ನಿಮ್ಮ ಧರ್ಮಕೇಂದ್ರದ ಒಂದೇ ಓಣಿಯ ನಾಲ್ಕು ಕುಟುಂಬಗಳು ಒಂದೊಂದು ಪತ್ರಿಕೆ ತರಿಸಿ, ಭಾನುವಾರ ಪೂಜೆಯ ನಂತರ ಅದಲುಬದಲು ಮಾಡಿಕೊಳ್ಳಬಹುದು. ಚಂದಾ ಕಟ್ಟುವ ಮೊದಲು ಎರಡು-ಮೂರು ಬಿಡಿ ಸಂಚಿಕೆ ಕೊಂಡು, ಅದರಲ್ಲಿ ಓದಿದ ಒಂದಾದರೂ ಕೆಲಸವನ್ನು ಮನೆಯಲ್ಲಿ ಮಾಡಿನೋಡಿ. ಮಾಡಲು ಏನೂ ಸಿಗದಿದ್ದರೆ ಬೇರೆಯದನ್ನು ಹುಡುಕಿ. ವರ್ಷದ ಕೊನೆಗೆ ಸಂಚಿಕೆಗಳನ್ನು ರದ್ದಿಗೆ ಹಾಕುವ ಮುನ್ನ ನೀರು, ಔಷಧಿ, ಬೀಜ, ದುರಸ್ತಿ ಎಂದು ಪುಟಗಳನ್ನು ಬೇರೆ ಮಾಡಿ, ದಾರ ಹಾಕಿ ಹೊಲಿದಿಡಿ. ಹೊದಿಕೆಯ ಮೇಲೆ ತಿಂಗಳು, ವರ್ಷ ಬರೆಯುವುದನ್ನು ಮರೆಯಬೇಡಿ.