ತರವಾಡಿನ ಪಾಲು, ವಾಟ್ಸ್‌ಆ್ಯಪ್ ತಲಾಖ್

ಪ್ರಶ್ನೆ: ಮೇಡಂ, ನನ್ನ ತವರು ಲಕ್ಷದ್ವೀಪದ ಕಡಮತ್. ಓದಿದ್ದು, ಮದುವೆಯಾಗಿದ್ದು ಮಂಗಳೂರಿನಲ್ಲಿ. ಅಮ್ಮ ತೀರಿಕೊಂಡ ಮೇಲೆ ಅಣ್ಣ, ‘ಶರಿಯತ್ ಪ್ರಕಾರ ನನಗೆರಡು ಪಾಲು, ನಿನಗೊಂದು. ಸಹಿ ಹಾಕಿಬಿಡು’ ಎನ್ನುತ್ತಿದ್ದಾನೆ. ಮನೆ, ತೆಂಗಿನ ತೋಟ ಎರಡೂ ತರವಾಡಿನವು, ಅಂದರೆ ತಾಯಿಯ ಕಡೆಯ ಕೂಡುಕುಟುಂಬದವು. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿಮ್ಮ ದ್ವೀಪದಲ್ಲಿ ಆಸ್ತಿ ಎರಡು ಬಗೆ. ‘ವೆಳ್ಳಿಯಾಳ್ಚ’, ಅಂದರೆ ಶುಕ್ರವಾರದ ಆಸ್ತಿ, ತರವಾಡಿನ ಒಟ್ಟು ಸ್ವತ್ತು. ಅದು ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತದೆ. ‘ತಿಂಗಳಾಳ್ಚ’, ಸೋಮವಾರದ ಆಸ್ತಿ, ಒಬ್ಬರು ಸ್ವಂತ ದುಡಿದು ಗಳಿಸಿದ್ದು. ಅಣ್ಣ ಹೇಳುವ ಎರಡಕ್ಕೊಂದರ ಲೆಕ್ಕ ಈ ಎರಡನೆಯದಕ್ಕೆ ಸೇರಿದ್ದು. ತರವಾಡಿನ ಸ್ವತ್ತಿನಲ್ಲಿ ನಿಮಗೆ ಹುಟ್ಟಿನಿಂದಲೇ ಹಕ್ಕಿದೆ, ನಿಮ್ಮ ನಂತರ ನಿಮ್ಮ ಮಕ್ಕಳಿಗೂ ಇದೆ. ಅಣ್ಣನಿಗೂ ಹಕ್ಕುಂಟು, ಆದರೆ ವಾಡಿಕೆಯಂತೆ ಅದು ಅವರ ಮಕ್ಕಳಿಗೆ ಹೋಗದು. ಅವರು ಅವಸರ ಮಾಡುತ್ತಿರುವುದಕ್ಕೆ ಇದೇ ಕಾರಣವಿರಬಹುದು. ತರವಾಡಿನ ಯಜಮಾನರಾದ ಕಾರಣವರ್ ಆಸ್ತಿ ನೋಡಿಕೊಳ್ಳುತ್ತಾರೆ ಅಷ್ಟೇ, ಅವರೊಬ್ಬರೇ ಒಡೆಯರಲ್ಲ. ಅಳಿಯಸಂತಾನ ಕಟ್ಟು ಕಂಡ ದಕ್ಷಿಣ ಕನ್ನಡದವರಿಗೆ ಇದು ಹೊಸತೇನಲ್ಲ. ಕಡಮತ್, ಅಮಿನಿ ದ್ವೀಪಗಳು 1956ರವರೆಗೆ ಇದೇ ಜಿಲ್ಲೆಯ ಆಡಳಿತದಲ್ಲಿದ್ದವು.

ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಈ ಸ್ವತ್ತು ಶುಕ್ರವಾರದ್ದೋ, ಸೋಮವಾರದ್ದೋ? ಅದಕ್ಕೆ ದಾಖಲೆ ಬೇಕು. ಭೂದಾಖಲೆಯ ನಕಲು, ಹಿಂದೆ ಭಾಗವಾಗಿದ್ದರೆ ಭಾಗಪತ್ರ, ತೋಟದ ಆದಾಯ ಹಂಚಿಕೊಂಡ ಲೆಕ್ಕ, ಇವನ್ನೆಲ್ಲ ಕೂಡಿಹಾಕಿ. ಮನೆಯ ಹಿರಿಯ ಹೆಂಗಸರು ಹೇಳುವ ಮಾತನ್ನೂ ಬರೆದಿಟ್ಟುಕೊಳ್ಳಿ. ಒಪ್ಪಂದವಾಗದಿದ್ದರೆ ದಾವೆ ದ್ವೀಪದ ಸಿವಿಲ್ ಕೋರ್ಟಿನಲ್ಲಿ; ಮೇಲ್ಮನವಿ ಹೋಗುವ ಹೈಕೋರ್ಟ್ ಕೇರಳದ್ದು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವುಂಟು. ಸಹಾಯವಾಣಿ 15100.

ಪ್ರಶ್ನೆ: ಗಂಡನ ಊರು ಲಕ್ಷದ್ವೀಪದ ಆಂದ್ರೋತ್. ಹೊಡೆತ ತಾಳಲಾರದೆ ಮಗುವಿನೊಂದಿಗೆ ಪುತ್ತೂರಿನ ತವರಿಗೆ ಬಂದೆ. ಅವರು ವಾಟ್ಸ್‌ಆ್ಯಪಿನಲ್ಲಿ ಮೂರು ಸಲ ತಲಾಖ್ ಬರೆದು ಕಳಿಸಿ, ‘ಕೇಸು ಹಾಕುವುದಾದರೆ ದ್ವೀಪಕ್ಕೆ ಬಾ’ ಅನ್ನುತ್ತಿದ್ದಾರೆ.
– ಓದುಗರು, ಪುತ್ತೂರು

ಉತ್ತರ: ನೀವು ಈಗಲೂ ಅವರ ಹೆಂಡತಿಯೇ. ತ್ರಿವಳಿ ತಲಾಖ್ ನಿಷೇಧಿಸಿದ 2019ರ ಕಾಯ್ದೆಯಂತೆ ಆ ತಲಾಖ್ ಅಸಿಂಧು. ಹೇಳಿದವರಿಗೆ ಮೂರು ವರ್ಷದವರೆಗೆ ಜೈಲು. ದೂರನ್ನು ನೀವಾಗಲಿ, ನಿಮ್ಮ ರಕ್ತಸಂಬಂಧಿಯಾಗಲಿ ಕೊಡಬಹುದು. ಆ ಸಂದೇಶವನ್ನು ಅಳಿಸಬೇಡಿ. ದಿನಾಂಕ, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಹಡಗು ಹತ್ತುವ ಅಗತ್ಯವೂ ಇಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ ಕಲಂ 27ರಂತೆ ನೊಂದವಳು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ರಕ್ಷಣಾ ಆದೇಶ, ಖರ್ಚಿಗೆ ಹಣ, ಮಗುವಿನ ತಾತ್ಕಾಲಿಕ ಸುಪರ್ದಿ, ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಹೊಡೆತಕ್ಕೆ ಚಿಕಿತ್ಸೆ ಪಡೆದಿದ್ದರೆ ಆಸ್ಪತ್ರೆಯ ಚೀಟಿ ಲಗತ್ತಿಸಿ. ಜೀವನಾಂಶಕ್ಕೂ ನೀವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ‘ಮುಸ್ಲಿಂ ಹೆಂಗಸಿಗೆ ಜೀವನಾಂಶ ಸಿಗದು’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ವಿಚ್ಛೇದನವಾದ ಮುಸ್ಲಿಂ ಮಹಿಳೆಗೂ ಆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ಬೆದರಿಕೆಯ ಕರೆ ಬಂದರೆ ರಾತ್ರಿಯಾದರೂ 112ಕ್ಕೆ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.