ಚಿಕ್ಕೋಡಿ ಭಾಗದಲ್ಲಿ ಮಕ್ಕಳ ಶ್ವಾಸಾಂಗ ಕಾಯಿಲೆ ಮತ್ತು ಶುಶ್ರೂಷೆ: ಮುಖ್ಯಾಂಶಗಳು

ಶುಶ್ರೂಷಾಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಹಾಗೂ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗಳ ಪರೀಕ್ಷೆಗೆ.

ಪ್ರದೇಶ

- ಜಿಲ್ಲೆ: ಬೆಳಗಾವಿ. ತಾಲ್ಲೂಕುಗಳು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ.
- 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿತ ಹೊಸ ತಾಲ್ಲೂಕುಗಳು: ನಿಪ್ಪಾಣಿ (ಮೂಲ ಚಿಕ್ಕೋಡಿ), ಕಾಗವಾಡ (ಮೂಲ ಅಥಣಿ).
- ನದಿಗಳು: ಕೃಷ್ಣಾ, ದೂಧಗಂಗಾ, ವೇದಗಂಗಾ. ಇತ್ತೀಚಿನ ದೊಡ್ಡ ಪ್ರವಾಹಗಳು: 2005, 2019, 2021.
- ಮುಖ್ಯ ವಾಣಿಜ್ಯ ಬೆಳೆಗಳು: ಕಬ್ಬು, ತಂಬಾಕು.
- ಉಗಾರ ಶುಗರ್ ವರ್ಕ್ಸ್: ಸ್ಥಾಪನೆ 1939, ಉಗಾರ ಖುರ್ದ, ಈಗಿನ ಕಾಗವಾಡ ತಾಲ್ಲೂಕು.
- ನಿಪ್ಪಾಣಿ ತಂಬಾಕು ರೈತರ ಚಳವಳಿ: 1981, ನೇತೃತ್ವ ಶರದ್ ಜೋಶಿ.

ಸ್ಥಳೀಯ ಅಪಾಯಕಾರಿ ಅಂಶಗಳು

- ಮನೆಯಲ್ಲೇ ಬೀಡಿ ಕಟ್ಟುವ ಕೆಲಸ: ತಂಬಾಕಿನ ಪುಡಿ, ಬೀಡಿ ಎಲೆ, ತೊಟ್ಟಿಲ ಕೂಸು ಎಲ್ಲವೂ ಒಂದೇ ಕೋಣೆಯಲ್ಲಿ. ಶುಶ್ರೂಷಾ ಸಲಹೆ: ಮೊರ ಹಾಗೂ ತೊಟ್ಟಿಲಿಗೆ ಬೇರೆ ಜಾಗ, ಎದೆಹಾಲು ಕೊಡುವ ಮೊದಲು ಸಾಬೂನಿನಿಂದ ಕೈತೊಳೆತ, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವಿಕೆ.
- ತಂಬಾಕು ವಖಾರಿಗಳ ದೂಳು, ಕಬ್ಬಿನ ರವದಿ ಸುಡುವ ಹೊಗೆ, ಗಾಣದ ಒಲೆ, ಸೌದೆ ಮತ್ತು ಕುಳ್ಳಿನ ಅಡುಗೆ ಹೊಗೆ, ಮನೆಯೊಳಗಿನ ಧೂಮಪಾನ.
- ಕಬ್ಬು ಕಟಾವು ಗ್ಯಾಂಗ್‌ಗಳ ಮಕ್ಕಳು: ಜೋಪಡಿ ವಾಸ, ಚಳಿ, ಅಪೂರ್ಣ ಲಸಿಕೆ, ತಾಯಿ ಕಾರ್ಡ್ ಹುಟ್ಟೂರಿನಲ್ಲಿ.
- ಕಬ್ಬು ನುರಿಸುವ ಹಂಗಾಮು ಮತ್ತು ನ್ಯುಮೋನಿಯಾ ತಡೆಯ ಸಾಂಸ್ ಅಭಿಯಾನದ ಅವಧಿ (12 ನವೆಂಬರ್ – 28 ಫೆಬ್ರುವರಿ) ಬಹುತೇಕ ಒಂದೇ. ಮನೆಭೇಟಿ ಪಟ್ಟಿಯಲ್ಲಿ ಮನೆ ನಂಬರ್ ಇಲ್ಲದ ಜೋಪಡಿಗಳಿಗೆ ಮೊದಲ ಸ್ಥಾನ ಅಗತ್ಯ; ಕೈತಪ್ಪುವ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಯವರೇ.
- ಸಂಬಂಧಿತ ಕಾಯ್ದೆ, ಯೋಜನೆ: ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966 (2025ರವರೆಗೆ ಜಾರಿಯಲ್ಲಿತ್ತು), ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ 2003, ಉಜ್ವಲಾ ಯೋಜನೆ (ಚಾಲನೆ 1 ಮೇ 2016, ಬಲಿಯಾ).

ನ್ಯುಮೋನಿಯಾ: ಅಂಕಿಅಂಶ, ದಿನಾಂಕ

- 2019ರಲ್ಲಿ ಜಗತ್ತಿನಾದ್ಯಂತ 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಸಾವು: 7,40,180, ಈ ವಯೋಮಾನದ ಒಟ್ಟು ಸಾವಿನ ಶೇ 14 (ವಿಶ್ವ ಆರೋಗ್ಯ ಸಂಸ್ಥೆ).
- ಪ್ರಮುಖ ಬ್ಯಾಕ್ಟೀರಿಯಾ: ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೇ. ಎರಡನೆಯದು: ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ. ಪ್ರಮುಖ ವೈರಸ್: ಆರ್‌ಎಸ್‌ವಿ.
- ವಿಶ್ವ ನ್ಯುಮೋನಿಯಾ ದಿನ: 12 ನವೆಂಬರ್; ಮೊದಲ ಆಚರಣೆ 2009.
- ಸಾಂಸ್ ಚಾಲನೆ: ನವೆಂಬರ್ 2019. ಆಗಿನ ಗುರಿ: 2025ರೊಳಗೆ ನ್ಯುಮೋನಿಯಾ ಸಾವು 1,000 ಜೀವಂತ ಜನನಕ್ಕೆ 3ಕ್ಕಿಂತ ಕಡಿಮೆ.
- ಸಮುದಾಯ ಮಟ್ಟದ ನ್ಯುಮೋನಿಯಾ ನಿರ್ವಹಣೆಯ ಭಾರತೀಯ ಮಾದರಿ: ಗಡಚಿರೋಲಿ, ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್; ‘ಲ್ಯಾನ್ಸೆಟ್’ ವರದಿ 1990.

ಉಸಿರಾಟ ಎಣಿಕೆ

- ವೇಗದ ಉಸಿರಾಟದ ಮಿತಿ, ನಿಮಿಷಕ್ಕೆ:
 2 ತಿಂಗಳೊಳಗೆ: 60 ಅಥವಾ ಹೆಚ್ಚು
 2–12 ತಿಂಗಳು: 50 ಅಥವಾ ಹೆಚ್ಚು
 12 ತಿಂಗಳು – 5 ವರ್ಷ: 40 ಅಥವಾ ಹೆಚ್ಚು
- ಎಣಿಕೆ ಅವಧಿ: ಪೂರ್ಣ 1 ನಿಮಿಷ. 30 ಸೆಕೆಂಡು ಎಣಿಸಿ ದ್ವಿಗುಣಗೊಳಿಸುವುದು ಅಮಾನ್ಯ.
- ವಿಧಾನ: ಮಗು ತಾಯಿಯ ಮಡಿಲಲ್ಲಿ, ಶಾಂತವಾಗಿ; ಅಂಗಿ ಎದೆ ಮೇಲಕ್ಕೆ; ಸೆಕೆಂಡು ಮುಳ್ಳಿನ ಗಡಿಯಾರ ಹೊಟ್ಟೆಯ ಪಕ್ಕ, ಎರಡೂ ಒಂದೇ ನೋಟಕ್ಕೆ ಸಿಗುವಂತೆ. ಅಳುವಾಗ, ಹಾಲು ಕುಡಿಯುವಾಗ ಎಣಿಕೆ ಬೇಡ. ಗಡಿಯಾರ ಇಲ್ಲದ ಅಂದಾಜು ಎಣಿಕೆಗೆ ಬೆಲೆ ಇಲ್ಲ.
- 2 ತಿಂಗಳೊಳಗಿನ ಶಿಶುವಿನಲ್ಲಿ 60 ಅಥವಾ ಹೆಚ್ಚು ಬಂದರೆ ಮರು ಎಣಿಕೆ ಕಡ್ಡಾಯ.
- ಪಕ್ಕೆ ಸೆಳೆತ: ಉಸಿರು ಒಳಗೆಳೆದಾಗ ಎದೆಯ ಕೆಳಭಾಗ ಒಳಕ್ಕೆ. ಪಕ್ಕೆಲುಬುಗಳ ನಡುವಿನ ಮಾಂಸ ಮಾತ್ರ ಒಳಹೋಗುವುದು ಈ ವ್ಯಾಖ್ಯೆಯಲ್ಲಿ ಸೇರದು (ಪದೇಪದೇ ತಪ್ಪಾಗುವ ಉತ್ತರ).
- ಸಾಮಾನ್ಯ ಅಪಾಯ ಚಿಹ್ನೆಗಳು 4: ಕುಡಿಯಲಾಗದಿರುವುದು, ಸೇವಿಸಿದ್ದೆಲ್ಲ ವಾಂತಿ, ಫಿಟ್ಸ್, ಮಂಕು ಅಥವಾ ಪ್ರಜ್ಞಾಹೀನತೆ.

ವರ್ಗೀಕರಣ, ಔಷಧ

- ವಿಶ್ವ ಆರೋಗ್ಯ ಸಂಸ್ಥೆಯ 2014ರ ಪರಿಷ್ಕರಣೆ: ವರ್ಗಗಳು 2. ನ್ಯುಮೋನಿಯಾ (ವೇಗದ ಉಸಿರಾಟ ಮತ್ತು/ಅಥವಾ ಪಕ್ಕೆ ಸೆಳೆತ). ತೀವ್ರ ನ್ಯುಮೋನಿಯಾ (ಅಪಾಯ ಚಿಹ್ನೆ ಇದ್ದಲ್ಲಿ).
- ಮೊದಲ ಆಯ್ಕೆ: ಬಾಯಿ ಮೂಲಕ ಅಮಾಕ್ಸಿಸಿಲಿನ್, ಪ್ರತಿ ಡೋಸ್‌ಗೆ ಕಿಲೋಗೆ 40 ಮಿಗ್ರಾಂ, ದಿನಕ್ಕೆ 2 ಬಾರಿ, 5 ದಿನ.
- ಸಾಂಸ್ ವಿಶೇಷ: ಆಶಾ ಕಾರ್ಯಕರ್ತೆಯಿಂದಲೂ ರೆಫರಲ್‌ಗೆ ಮುನ್ನ ಅಮಾಕ್ಸಿಸಿಲಿನ್ ಮೊದಲ ಡೋಸ್.
- ಸಾದಾ ನೆಗಡಿ, ಕೆಮ್ಮು: ಪ್ರತಿಜೀವಕ ಇಲ್ಲ. 1 ವರ್ಷದೊಳಗೆ ಜೇನುತುಪ್ಪ ನಿಷಿದ್ಧ; ಕಾರಣ ಬೊಟುಲಿಸಂ.
- ಹೊಟ್ಟೆ, ಎದೆಯ ಮೇಲೆ ಬರೆ ಹಾಕುವುದು: ಹಾನಿಕರ ಪದ್ಧತಿ. ಗಾಯ, ಸೋಂಕು, ರೆಫರಲ್ ವಿಳಂಬ.

ಆಮ್ಲಜನಕ ಶುಶ್ರೂಷೆ

- ಆರಂಭದ ಮಿತಿ: ಪಲ್ಸ್ ಆಕ್ಸಿಮೀಟರ್‌ನಲ್ಲಿ ಶೇ 90ಕ್ಕಿಂತ ಕಡಿಮೆ.
- ಪಲ್ಸ್ ಆಕ್ಸಿಮೆಟ್ರಿ ತತ್ತ್ವದ ಜನಕ: ತಕುವೊ ಅವೊಯಾಗಿ, ಜಪಾನ್, 1974.
- ಮೂಗಿನ ನಳಿಕೆಯ ಹರಿವು, ನಿಮಿಷಕ್ಕೆ: ನವಜಾತ 0.5–1 ಲೀಟರ್, ಶಿಶು 1–2 ಲೀಟರ್, ದೊಡ್ಡ ಮಗು 4 ಲೀಟರ್‌ವರೆಗೆ.
- ಅವಧಿಪೂರ್ವ ಶಿಶುವಿನ ಗುರಿ: ಶೇ 90–95. ಅತಿಯಾದ ಆಮ್ಲಜನಕದ ತೊಡಕು: ಅಕ್ಷಿಪಟಲದ ಹಾನಿ.
- ಕಡಿಮೆ ಹರಿವಿನ ನಳಿಕೆಗೆ ತೇವಕಾರಕ ಅನಗತ್ಯ. ಮೂಗಿಗೆ ಎಣ್ಣೆ, ವ್ಯಾಸಲಿನ್ ನಿಷಿದ್ಧ. ಕಾರಣ ಬೆಂಕಿ ಅಪಾಯ.
- ಆಕ್ಸಿಮೀಟರ್ ರೀಡಿಂಗ್ ತಪ್ಪುವ ಸಂದರ್ಭ: ತಣ್ಣಗಿನ ಪಾದ, ಮಗುವಿನ ಒದ್ದಾಟ, ಗೋರಂಟಿ ಅಥವಾ ಬಣ್ಣ ಹಚ್ಚಿದ ಉಗುರು. ಶಿಶುವಿನಲ್ಲಿ ಪ್ರೋಬ್ ಜಾಗ: ಪಾದ ಅಥವಾ ಹೆಬ್ಬೆರಳು, ಬೆಚ್ಚಗಾಗಿಸಿದ ನಂತರ.
- ಭಂಗಿ: ತಲೆಭಾಗ ಎತ್ತರಿಸಿದ ಅರೆಕೂತ ಸ್ಥಿತಿ.
- ಕಫ ಹೀರುವಿಕೆ: ಒಮ್ಮೆಗೆ 10 ಸೆಕೆಂಡು ಮೀರದಂತೆ. ಒತ್ತಡ (ಮಿಮೀ ಪಾದರಸ): ನವಜಾತ 60–80, ಶಿಶು 80–100, ಮಗು 100–120.
- ಉಸಿರಾಟ 60 ದಾಟಿದಾಗ ಬಾಯಿ ಆಹಾರ ತಡೆ. ಕಾರಣ ಶ್ವಾಸನಾಳಕ್ಕೆ ಆಹಾರ ಸೇರುವ ಅಪಾಯ. ಬದಲಿ: ಮೂಗಿನ ಕೊಳವೆ ಮೂಲಕ ಹಿಂಡಿದ ಎದೆಹಾಲು.
- ನವಜಾತರಿಗೆ ಸಿಪ್ಯಾಪ್: ಜಾರ್ಜ್ ಗ್ರೆಗರಿ, 1971. ಶಾಂಪೂ ಬಾಟಲಿಯ ಅಗ್ಗದ ಬಬಲ್ ಸಿಪ್ಯಾಪ್: ಡಾ. ಮೊಹಮ್ಮದ್ ಜೊಬಾಯೆರ್ ಚಿಸ್ತಿ, ಬಾಂಗ್ಲಾದೇಶ; ‘ಲ್ಯಾನ್ಸೆಟ್’ 2015.

ನವಜಾತ ಶಿಶು

- ಸಿಲ್ವರ್‌ಮನ್–ಆಂಡರ್ಸನ್ ಅಂಕ: 1956, ಅಂಶಗಳು 5, ಒಟ್ಟು 10. 0 = ತೊಂದರೆ ಇಲ್ಲ.
- ಆಪ್ಗಾರ್ ಅಂಕ: ವರ್ಜೀನಿಯಾ ಆಪ್ಗಾರ್, 1953, ಒಟ್ಟು 10. 10 = ಉತ್ತಮ.
- ಸರ್ಫ್ಯಾಕ್ಟಂಟ್ ಕೊರತೆಯ ಪತ್ತೆ: ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್, 1959. ಮೊದಲ ಯಶಸ್ವಿ ಚಿಕಿತ್ಸೆ: ಫುಜಿವಾರಾ, 1980.
- ‘ಆ್ಯಕ್ಷನ್–1’ ಪ್ರಯೋಗ: ವಿಶ್ವ ಆರೋಗ್ಯ ಸಂಸ್ಥೆ; ದೇಶಗಳು 5; ತಾಯಂದಿರು 2,852; ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು ಸಹಭಾಗಿ; ಪ್ರಕಟಣೆ 2020. ಅವಧಿಪೂರ್ವ ಹೆರಿಗೆ ಸಂಭವವಿದ್ದ ತಾಯಿಗೆ ಡೆಕ್ಸಾಮೆಥಾಸೋನ್. ನವಜಾತ ಸಾವು ಶೇ 19.6, ಹೋಲಿಕೆ ಗುಂಪಿನಲ್ಲಿ ಶೇ 23.5. ಜಿಲ್ಲೆಯ ಅಭ್ಯರ್ಥಿ ಬಿಡಬಾರದ ಅಂಶ.
- ಡೆಕ್ಸಾಮೆಥಾಸೋನ್ ಡೋಸ್: 6 ಮಿಗ್ರಾಂ, 12 ಗಂಟೆಗೊಮ್ಮೆ, ಒಟ್ಟು 4.
- ಆಶಾ ಮನೆಭೇಟಿ: ಆಸ್ಪತ್ರೆ ಹೆರಿಗೆಗೆ 6 (3, 7, 14, 21, 28, 42ನೇ ದಿನ), ಮನೆ ಹೆರಿಗೆಗೆ 7 (1ನೇ ದಿನ ಸೇರಿ).

ಲಸಿಕೆ

- ಪೆಂಟಾವೇಲೆಂಟ್: 6, 10, 14 ವಾರ, ಎಡ ತೊಡೆ. ದೇಶದ ಮೊದಲ ರಾಜ್ಯಗಳು: ಕೇರಳ, ತಮಿಳುನಾಡು (ಡಿಸೆಂಬರ್ 2011). ಕರ್ನಾಟಕ: 2013.
- ಪಿಸಿವಿ: 6 ವಾರ, 14 ವಾರ, 9 ತಿಂಗಳಿಗೆ ಬೂಸ್ಟರ್, ಬಲ ತೊಡೆ, 0.5 ಮಿಲಿ. ದೇಶದಲ್ಲಿ ಆರಂಭ: ಮೇ 2017, ಹಿಮಾಚಲ ಪ್ರದೇಶ. ದೇಶವ್ಯಾಪಿ: 2021. ಮೊದಲ ಸ್ವದೇಶಿ ಪಿಸಿವಿ: ನ್ಯುಮೋಸಿಲ್, ಸೀರಂ ಇನ್‌ಸ್ಟಿಟ್ಯೂಟ್, ಪುಣೆ, ಡಿಸೆಂಬರ್ 2020.
- ದಡಾರ–ರುಬೆಲ್ಲಾ ಅಭಿಯಾನ: 5 ಫೆಬ್ರುವರಿ 2017, ಬೆಂಗಳೂರು. ಮೊದಲ ಹಂತ: ಕರ್ನಾಟಕ, ತಮಿಳುನಾಡು, ಪುದುಚೇರಿ, ಗೋವಾ, ಲಕ್ಷದ್ವೀಪ.
- ವಿಟಮಿನ್ ಎ: 9ನೇ ತಿಂಗಳು 1 ಲಕ್ಷ ಯೂನಿಟ್, ನಂತರ 6 ತಿಂಗಳಿಗೊಮ್ಮೆ 2 ಲಕ್ಷ, 5 ವರ್ಷದವರೆಗೆ 9 ಡೋಸ್, ಒಟ್ಟು 17 ಲಕ್ಷ.
- ಮಿಷನ್ ಇಂದ್ರಧನುಷ್: 25 ಡಿಸೆಂಬರ್ 2014. ವಲಸೆ ಮಕ್ಕಳಿಗೂ ಅನ್ವಯ. ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಲಸಿಕೆ ನಿರಾಕರಣೆ ಸಲ್ಲದು.
- ಪ್ರವಾಹ ಪರಿಹಾರ ಕೇಂದ್ರ: ದಡಾರ ಲಸಿಕೆ, ವಿಟಮಿನ್ ಎ ಆದ್ಯತೆ. ತುರ್ತು ಸ್ಥಿತಿಯ ಅಂತರರಾಷ್ಟ್ರೀಯ ವಯೋಮಿತಿ: 6 ತಿಂಗಳು – 15 ವರ್ಷ.

ಸಂಸ್ಥೆಗಳು

- ಕೆಎಲ್‌ಇ ಸಂಸ್ಥೆ: 1916. ಜೆ.ಎನ್. ವೈದ್ಯಕೀಯ ಕಾಲೇಜು: 1963.
- ವಾನ್ಲೆಸ್ ಆಸ್ಪತ್ರೆ, ಮಿರಜ: 1894, ಡಾ. ವಿಲಿಯಂ ವಾನ್ಲೆಸ್. ಕಾಗವಾಡ, ಅಥಣಿ ರೋಗಿಗಳ ಗಡಿಯಾಚೆಯ ಹಳೆಯ ಆಸರೆ. ಗಡಿ ದಾಟಿ ಚಿಕಿತ್ಸೆ ಪಡೆದ ಮಗುವಿನ ಮುಂದಿನ ಮನೆಭೇಟಿ: ಸ್ವಂತ ಉಪಕೇಂದ್ರದ್ದೇ ಹೊಣೆ.
- ಭಾರತೀಯ ಶುಶ್ರೂಷಾ ಪರಿಷತ್ತು ಕಾಯ್ದೆ: 1947. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ: 1996.

ಗೊಂದಲದ ಜೋಡಿಗಳು

- ಕ್ರೂಪ್: ಪ್ಯಾರಾಇನ್‌ಫ್ಲುಯೆಂಜಾ, ನಾಯಿ ಬೊಗಳಿದಂಥ ಕೆಮ್ಮು, ಎಕ್ಸ್‌ರೇಯಲ್ಲಿ ಗೋಪುರ ಚಿಹ್ನೆ.
 ಎಪಿಗ್ಲಾಟೈಟಿಸ್: ಹಿಮೋಫಿಲಸ್ ಬಿ, ಜೊಲ್ಲು, ಹೆಬ್ಬೆರಳು ಚಿಹ್ನೆ, ಗಂಟಲೊಳಗೆ ಚಮಚ ಹಾಕಿ ನೋಡುವುದು ನಿಷಿದ್ಧ.
- ನಾಯಿಕೆಮ್ಮು: ಬೋರ್ಡೆಟೆಲ್ಲಾ ಪರ್ಟುಸಿಸ್. ಗಂಟಲಮಾರಿ: ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೇ, ಬೂದು ಪೊರೆ.
- ಬ್ರಾಂಕಿಯೋಲೈಟಿಸ್: 2 ವರ್ಷದೊಳಗೆ, ಆರ್‌ಎಸ್‌ವಿ. ದಮ್ಮು: ಮರುಕಳಿಸುವ ಗೊರಗೊರ; ಸಾಲ್ಬುಟಮಾಲ್ ಇನ್‌ಹೇಲರ್ ಜೊತೆ ಸ್ಪೇಸರ್.
- ಗಂಟಲಲ್ಲಿ ವಸ್ತು ಸಿಲುಕಿದಾಗ: 1 ವರ್ಷದೊಳಗೆ 5 ಬೆನ್ನೇಟು, 5 ಎದೆ ಒತ್ತು. ಹೊಟ್ಟೆ ಒತ್ತುವ ಹೈಮ್ಲಿಕ್ ವಿಧಾನ (1974): 1 ವರ್ಷ ಮೇಲ್ಪಟ್ಟವರಿಗೆ ಮಾತ್ರ. ಈ ಭಾಗದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಮಗು ಶೇಂಗಾ ತಿಂದಿತ್ತೇ?